ಅತ್ತ ಹಾಡನ್ನು ವಾಪಸ್ ತಂದದ್ದು

ಹಾವೇರಿಯಿಂದ ಬ್ಯಾಡಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೆ ನಾನು ಕಿವಿಗೆ ವೈರು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೂಡುತ್ತೇನೆ. ಕಂಡಕ್ಟರಿಗೆ ನನ್ನ ಪರಿಚಯವಿದೆ. ರಿಟೈರಾದ ಮೇಡಂ ಭಜನಿ ಕೇಳುತ್ತಾರೆ ಎಂದು ಅವನ ತಿಳುವಳಿಕೆ. ನಾನು ಕೇಳುವುದು ಗಾಜಾದ ಹೆಣ್ಣುಮಗಳೊಬ್ಬಳು ಎಲ್ಲಿಂದಲೋ ನನ್ನ ಫೋನಿಗೆ ಕಳಿಸಿದ ದನಿಯನ್ನು. ಮೋಟೆಬೆನ್ನೂರು ಬರುವವರೆಗೆ ಛಲೋ ಕೇಳಿಸುತ್ತದೆ. ಅಲ್ಲಿಂದ ಬಸ್ಸು ಒಳಗೆ ಹೊರಳಿತೆಂದರೆ ಮೆಣಸಿನಕಾಯಿ ಘಾಟು ಸುರು, ಬಸ್ಸಿಗೆ ಬಸ್ಸೇ ಕೆಮ್ಮುತ್ತದೆ. ವೈರು ತೆಗೆದು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಎರಡು ವರ್ಷದಿಂದ ಹೀಗೇ ನಡೆದಿದೆ. ಇದರಲ್ಲಿ ನಾನು ಒಂದು ತಪ್ಪು ಮಾಡಿದೆ. ಅದನ್ನು ಬರೆದಿಡಬೇಕೆಂದು ಕುಳಿತಿದ್ದೇನೆ. ಮೈಯಲ್ಲಿ ಮೊದಲಿನ ಕಸುವಿಲ್ಲ, ಆದಷ್ಟು ಬರೆಯುತ್ತೇನೆ.

ಮೊದಲು ಅವಳ ವಿಷಯ ಹೇಳಬೇಕು. ಮೂವತ್ತೈದು ದಾಟಿದ ಹೆಂಗಸು. ಈಗ ಇರುವುದು ವರ್ಷದ ಅರ್ಧ ದಿನ ಥಂಡಿಯೇ ಇರುವ ಒಂದು ದೇಶದಲ್ಲಿ, ಬಾಡಿಗೆಯ ಒಂದು ಖೋಲಿಯಲ್ಲಿ. ಅವಳ ಕೆಲಸ ಕವಿತೆ ಹೇಳುವುದು. ಪುಸ್ತಕ ಅಂತ ಒಂದೂ ಮಾಡಿಲ್ಲ. ಜನ ಕೂಡಿದಲ್ಲಿ ಎದ್ದು ನಿಂತು, ಕೈಯಲ್ಲಿ ಹಾಳಿ ಇಲ್ಲದೆ, ಬಾಯಿಂದ ಹೇಳುತ್ತಾಳೆ. ಹೇಳುವಾಗ ಎರಡೂ ಕೈ ಕೋಟಿನ ಜೇಬಿನಲ್ಲಿರುತ್ತವೆ. ಮೊದಮೊದಲು ಕೈ ಬೀಸಿ ಹೇಳುತ್ತಿದ್ದಳಂತೆ. ಅವಳ ತಮ್ಮ ನೋಡಿ, ಚೌಕದಲ್ಲಿ ನಿಂತ ಟ್ರಾಫಿಕ್ ಪೊಲೀಸನಂತೆ ಕಾಣುತ್ತೀ ಎಂದು ನಕ್ಕನಂತೆ. ಅವತ್ತು ಜೇಬಿಗೆ ಹೋದ ಕೈ ಮತ್ತೆ ಹೊರಗೆ ಬಂದಿಲ್ಲ.

ಹೇಳುವುದನ್ನು ಕಲಿಸಿದವಳು ಅವಳ ಅಜ್ಜಿ. ಆ ಅಜ್ಜಿ ಸಣ್ಣವಳಿದ್ದಾಗ ಬಿಟ್ಟು ಬಂದ ಒಂದು ಊರಿತ್ತು. ಊರು ಈಗ ನೆಲದ ಮೇಲಿಲ್ಲ, ಬಾಯಲ್ಲಿ ಮಾತ್ರ ಇದೆ. ಯಾರ ಮನೆ ಬಾಗಿಲು ಯಾವ ಕಡೆಗಿತ್ತು, ಬಾವಿಗೆ ಹೋಗುವ ದಾರಿಯಲ್ಲಿ ಎಷ್ಟು ಅಂಜೂರದ ಗಿಡ ಇದ್ದವು, ಎಲ್ಲವನ್ನೂ ಅಜ್ಜಿ ಹೇಳಿಕೊಡುತ್ತಿದ್ದಳು. ಮೊಮ್ಮಗಳು ತಿರುಗಿ ಒಪ್ಪಿಸಬೇಕು. ಒಂದು ಗಿಡ ಬಿಟ್ಟರೆ ಮತ್ತೆ ಊರ ಬಾಗಿಲಿನಿಂದ ಸುರುಮಾಡಬೇಕು. ಇದೇ ಅವಳ ಮೊದಲ ಸಾಲಿ. ಮುಂದೆ ಇಂಗ್ಲಿಷ್ ಓದಿದಳು, ಕಲಿಯಲು ಹೊರದೇಶಕ್ಕೆ ಹೋದಳು. ಹೋದ ದಾರಿ ಹಿಂದಿನಿಂದ ಮುಚ್ಚಿಕೊಂಡಿತು.

ಈಗ ಬೆಳಿಗ್ಗೆ ಒಂದು ಮಕ್ಕಳ ಸಾಲಿಯ ಅಡುಗೆಮನೆಯಲ್ಲಿ ಊಟ ಬಡಿಸಿ ಪಾತ್ರೆ ತೊಳೆಯುತ್ತಾಳೆ. ಮಧ್ಯಾಹ್ನ ಫೋನು ಹಿಡಿದು, ಡೇರೆಗಳಲ್ಲಿರುವ ಗಾಜಾದ ಹುಡುಗರಿಗೆ ತಮ್ಮ ಮಾತನ್ನು ತಾವೇ ಹೇಳುವುದನ್ನು ಕಲಿಸುತ್ತಾಳೆ. ನೆಟ್‌ವರ್ಕ್ ಹೋಗುತ್ತದೆ, ಅರ್ಧ ಕವಿತೆ ಬರುತ್ತದೆ, ಉಳಿದರ್ಧಕ್ಕೆ ಮರುದಿನ ಕಾಯಬೇಕು. ಶನಿವಾರ ಊರ ನಡುವಿನ ಚೌಕದಲ್ಲಿ ಬೇರೆಯವರ ಜೊತೆ ನಿಂತು ಸತ್ತ ಮಕ್ಕಳ ಹೆಸರು ಓದುತ್ತಾಳೆ. ಪಾಳಿಯ ಮೇಲೆ ಓದುತ್ತಾರೆ, ಮಳೆ ಇದ್ದರೆ ಛತ್ರಿ ಹಿಡಿದು. ಸಂಜೆಗೆ ಗಂಟಲು ಕಟ್ಟಿರುತ್ತದೆ. ನನಗೆ ಶನಿವಾರ ರಾತ್ರಿ ಬಂದ ದನಿ ಯಾವುದು ಎಂದು ಕೇಳಿದ ಕೂಡಲೇ ತಿಳಿಯುತ್ತದೆ.

ಒಂದು ಸಭೆಯವರು ಕರೆಯುತ್ತಾರೆ, ಇನ್ನೊಂದು ಸಭೆಯವರು ಕರೆದು, ಹಿಂದಿನ ದಿನ ಫೋನು ಮಾಡಿ ಸಭಾಂಗಣದ ರಿಪೇರಿ ನಡೆದಿದೆ ಎನ್ನುತ್ತಾರೆ. ಕರೆದವರು ಕೊಡುವುದು ಏಳು ನಿಮಿಷ. ಒಮ್ಮೆ ಅವಳು ಹೇಳಿದ್ದು ನನಗೆ ನೆನಪಿದೆ. ಹೇಳಿದ್ದು ಇಂಗ್ಲಿಷಿನಲ್ಲಿ, ನನ್ನ ಕಿವಿಗೆ ಬಿದ್ದದ್ದು ನಮ್ಮ ಮಾತಿನಲ್ಲಿ.

"ಏಳು ನಿಮಿಷದಾಗ ಅವರನ್ನ ಅಳಿಸಿ ಕೆಳಗ ಇಳೀಬೇಕು, ಖಾಲ್ತೋ. ಚಹಾ ಬರೂದ್ರಾಗ ಅವರು ಕಣ್ಣು ಒರಸಿಕೊಂಡು ತಯಾರಾಗಿರಬೇಕಲ್ಲ. ನನಗ ಸಾಕಾಗೈತಿ."

ಖಾಲ್ತೋ ಅಂದರೆ ಅವರಲ್ಲಿ ಅವ್ವನ ತಂಗಿ, ಇಲ್ಲವೆ ಅವ್ವನ ಅಕ್ಕ. ನಮ್ಮ ಓಣಿಯ ಮುಸಲ್ಮಾನರ ಮಕ್ಕಳು ಖಾಲಾ ಅಂದಂತೆಯೇ. ಮೂರನೆಯ ಸಲ ಮಾತಾಡಿದಾಗಿನಿಂದ ಅವಳು ನನ್ನನ್ನು ಹಾಗೆ ಕರೆಯುತ್ತಿದ್ದಳು.

ನಾನು ಅವಳಿಗೆ ಹೇಗೆ ಗಂಟು ಬಿದ್ದೆ ಎಂದರೆ, ರಾಣೇಬೆನ್ನೂರಿನಲ್ಲಿ ತಿಂಗಳಿಗೊಮ್ಮೆ ಹತ್ತಿಪ್ಪತ್ತು ಜನ ಕೂಡಿ ಕವಿತೆ ಓದುತ್ತಾರೆ. ಹಾವೇರಿಯ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸಿ ರಿಟೈರಾದವಳು. ಹೊರದೇಶದವರದು ಏನಾದರೂ ಕನ್ನಡಕ್ಕೆ ತನ್ನಿ ಎಂದು ಅವರು ಗಂಟುಬಿದ್ದರು. ಹಳೆಯ ವಿದ್ಯಾರ್ಥಿಯೊಬ್ಬಳು ಈ ಹೆಣ್ಣುಮಗಳ ವಿಡಿಯೋ ಕಳಿಸಿದಳು. ಅಪ್ಪಣೆ ಕೇಳಿ ಕಾಗದದಂಥ ಉದ್ದನ್ನ ಈಮೇಲ್ ಬರೆದೆ. ಉತ್ತರವಾಗಿ ದನಿ ಬಂತು. ಬರೆಯುವುದು ನನಗೆ ಬೇಸರ, ಮಾತಾಡೋಣ ಅಂದಳು. ಮಾತಿನ ಮನುಷ್ಯರು ಮಾತಿನವರನ್ನು ಬೇಗ ಗುರುತು ಹಿಡಿಯುತ್ತಾರೆ.

ಅವಳ ತಮ್ಮನ ಸುದ್ದಿ ಬಂದದ್ದು ಅನಂತರ. ಅವನದೊಂದು ಸೈಕಲ್ ರಿಪೇರಿ ಅಂಗಡಿ ಇತ್ತು. ಅಂಗಡಿ ಬಿದ್ದ ಮೇಲೆ ಡೇರೆಯ ಮುಂದೆ ಕೂತು ಪಂಕ್ಚರ್ ಹಾಕುತ್ತಿದ್ದ. ಒಂದು ಬೆಳಿಗ್ಗೆ ಹಿಟ್ಟಿನ ಲಾರಿ ಬಂದಿದೆ ಎಂದು ಕೇಳಿ ಸೈಕಲ್ ಏರಿ ಹೋದ. ಅವನೂ ಬರಲಿಲ್ಲ, ಸೈಕಲ್ಲೂ ಬರಲಿಲ್ಲ. ಆಸ್ಪತ್ರೆಗಳಲ್ಲಿ ಕೇಳಿದರು, ಇಲ್ಲ. ಸೈನಿಕರು ಹಿಡಿದುಕೊಂಡು ಹೋದವರ ಪಟ್ಟಿಯಲ್ಲಿ ಕೇಳಿದರು, ಇಲ್ಲ. ಹೆಣವೂ ಇಲ್ಲ. ಅಕ್ಕ ದಿನಾ ಕಳಿಸುವ ಮೆಸೇಜಿಗೆ ಒಂದೇ ಗೆರೆ ಬೀಳುತ್ತದೆ, ತಲುಪಿತು ಎನ್ನುವ ಎರಡನೆಯದು ಬೀಳುವುದಿಲ್ಲ. ಡೇರೆಯಲ್ಲಿರುವ ಅವರ ತಾಯಿ ಅವನ ಪಾಲಿನ ಅರ್ಧ ರೊಟ್ಟಿಯನ್ನು ಬಟ್ಟೆಯಡಿ ತೆಗೆದಿಡುತ್ತಾಳೆ. ಯಾರಾದರೂ ಸಮಾಧಾನ ಹೇಳಲು ದನಿ ಸಣ್ಣ ಮಾಡಿದರೆ ಎದ್ದು ಹೋಗುತ್ತಾಳೆ. ಸತ್ತವರಿಗೆ ಮಾಡುವ ಪ್ರಾರ್ಥನೆ ಮಾಡಿಸಿಲ್ಲ, ಮಾಡಿಸಗೊಟ್ಟಿಲ್ಲ.

ಇದನ್ನೆಲ್ಲ ಹೇಳಿ, ತಮ್ಮನ ಮೇಲಿನ ಕವಿತೆಯನ್ನು ನನಗೆ ಕಳಿಸುವಾಗ ಅವಳು ಬಿಡಿಸಿ ಹೇಳಿದ್ದಳು.

"ಅಂವ ಸತ್ತಾನ ಅಂತ ನಾ ಎಲ್ಲೂ ಅಂದಿಲ್ಲ, ಖಾಲ್ತೋ. ಇದ್ದಾನ ಅಂತನೂ ಅಂದಿಲ್ಲ. ಹಿಟ್ಟಿಗೆ ಹೋಗ್ಯಾನ, ಅಷ್ಟ. ನಿಮ್ಮ ಭಾಷಾದಾಗೂ ಅಂವ ಹಿಟ್ಟಿಗೆ ಹೋಗಿರ್ಲಿ."

ಆಯ್ತವ್ವ ಎಂದೆ. ಎರಡು ಸಲ ಅಂದೆ.

ಕವಿತೆಯಲ್ಲಿ ಅಕ್ಕ ತಮ್ಮನನ್ನು ಬರೀ ಕೇಳುತ್ತಾ ಹೋಗುತ್ತಾಳೆ. ಚೈನು ಕಳಚಿತೇನು, ಸಾಲು ಉದ್ದ ಇತ್ತೇನು, ಯಾರದೋ ಟೈರಿಗೆ ಗಾಳಿ ಹಾಕುತ್ತ ಕೂತೆಯೇನು. ನಾನು ಕನ್ನಡಕ್ಕೆ ತಂದೆ. ಒಂದು ಸಲ, ಎರಡು ಸಲ, ನಾಲ್ಕು ಸಲ. ಬರೆದದ್ದು ಪರೀಕ್ಷೆಯ ಪ್ರಶ್ನೆಪತ್ರಿಕೆಯಂತೆ ಕಾಣುತ್ತಿತ್ತು. ಕಲಿಸಿ ಕಲಿಸಿ ನನ್ನ ಬರೆಯುವ ಕನ್ನಡ ಒಣಗಿದೆ. ಹಸಿ ಕನ್ನಡ ಬೇಕಾದರೆ ನಾನು ಹೋಗುವುದು ದೊಡ್ಡವ್ವನ ಹತ್ತಿರ.

ದೊಡ್ಡವ್ವ ನಮ್ಮವ್ವನ ಅಕ್ಕ. ಎಂಬತ್ತು ದಾಟಿದ್ದಾಳೆ. ಅವ್ವ ಬೇನೆಯಿಂದ ಮಲಗಿದ್ದಾಗ ನನ್ನನ್ನು ಮೇಡ್ಲೇರಿಗೆ ಒಯ್ದು ನಾಲ್ಕನೆಯ ಇಯತ್ತೆಯವರೆಗೆ ಸಾಕಿದವಳು ಅವಳೇ. ಅಕ್ಷರ ಬರುವುದಿಲ್ಲ. ನನಗೆ ಮಾತು ಬಂದದ್ದು ಅವಳ ಬಾಯಿಂದ, ಬೀಸುವಾಗ, ಕುಟ್ಟುವಾಗ, ನೆರೆಯವರನ್ನು ಬೈಯುವಾಗ. ಈಗ ಬ್ಯಾಡಗಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಮಗ, ಅಂದರೆ ನನ್ನ ಅಣ್ಣ, ಮೆಣಸಿನಕಾಯಿ ವ್ಯಾಪಾರಿ. ಸುಗ್ಗಿಯಲ್ಲಿ ಮನೆಯ ಹಿತ್ತಲೆಲ್ಲ ಕೆಂಪು. ಹೆಣ್ಣಾಳುಗಳ ಸಾಲಿನಲ್ಲಿ ದೊಡ್ಡವ್ವನೂ ಕುಂತು ತೊಟ್ಟು ಬಿಡಿಸುತ್ತಾಳೆ. ಯಾಕ ಮಾಡ್ತೀ ಅಂದರೆ ಕೈ ಸುಮ್ಮನಿದ್ದರೆ ಬಾಯಿ ಬಾಳ ಆಗತೈತಿ ಅನ್ನುತ್ತಾಳೆ.

ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸತ್ತವರ ಗುಣ, ಅವರು ಉಂಡದ್ದು, ಉಟ್ಟದ್ದು, ಬೈದದ್ದು, ಎಲ್ಲವನ್ನೂ ಎಳೆದು ಎಳೆದು ಹಾಡುತ್ತ ಅವರನ್ನೇ ಪ್ರಶ್ನೆ ಕೇಳುತ್ತಾರೆ. ದೊಡ್ಡವ್ವ ಅದರಲ್ಲಿ ಗಟ್ಟಿ. ನಮ್ಮ ಮನೆಯವರು ತೀರಿಕೊಂಡಾಗ ನಾನು ಕಾಲೇಜಿನ ಜನರ ಮುಂದೆ ತುಟಿ ಕಚ್ಚಿ ಗೋಡೆಗೆ ಒರಗಿ ನಿಂತಿದ್ದೆ. ನನ್ನ ಪಾಲಿನದನ್ನೂ ದೊಡ್ಡವ್ವನೇ ಅತ್ತಳು. ಅವರು ಪೇಪರನ್ನು ಹೇಗೆ ನಾಲ್ಕು ಮಡಿಕೆ ಮಾಡಿ ಓದುತ್ತಿದ್ದರು ಎಂಬುದನ್ನೂ ಬಿಡಲಿಲ್ಲ. ಆ ಕವಿತೆಯ ಪ್ರಶ್ನೆಗಳನ್ನು ಐದನೆಯ ಸಲ ಕೇಳಿದಾಗ ನನ್ನ ಕಿವಿಯಲ್ಲಿ ಎದ್ದದ್ದು ಆ ದನಿ. ಇದು ಹಾಡ್ಯಾಡಿ ಅಳುವುದೇ ಅಂದುಕೊಂಡೆ. ಒಂದು ಸಲ ದೊಡ್ಡವ್ವನಿಂದ ಕೇಳಿ, ಆ ಧಾಟಿಗೆ ಕೂಡಿಸಿದರೆ ಕೆಲಸ ಮುಗಿಯಿತು ಎಂದು ಬ್ಯಾಡಗಿ ಬಸ್ ಹತ್ತಿದೆ.

ಹಿತ್ತಲಲ್ಲಿ ತೊಟ್ಟು ಬಿಡಿಸುತ್ತಿದ್ದಳು. ವಿಷಯ ಹೇಳಿದೆ. ಕೈ ನಿಲ್ಲಿಸಿ, ಮನೆಯಲ್ಲಿ ಅದನ್ನು ಹಾಡಿದರೆ ಸಾವನ್ನು ಕರೆದಂತೆ ಆಗುತ್ತದೆ, ಮೊಮ್ಮಕ್ಕಳಿರುವ ಮನೆ, ಅಂದಳು. ಸುಮ್ಮನೆ ನಾಲ್ಕು ಸಾಲು ಅಂದರೆ, ಸುಮ್ಮನೆ ಅಂತ ಯಾರೂ ಅಳಂಗಿಲ್ಲ, ಯಾರಿಗೆ ಅಂತ ಬೇಕು ಅಂದಳು. ಯಾರಿಗೆ ಎಂದು ಹೇಳಿದೆ. ದೂರದ ದೇಶದಾಕಿ, ಅವಳ ತಮ್ಮ, ಸೈಕಲ್ ರಿಪೇರಿ, ಹಿಟ್ಟು. ಕೇಳುತ್ತ ಕೇಳುತ್ತ ಅವಳ ಮುಖ ಬೇರೆಯಾಯಿತು.

"ತೀರಿಕೊಂಡಾನ ಹೌದಲ್ಲ?" ಅಂದಳು.

"ಹೌದು," ಅಂದೆ.

"ಮಣ್ಣಾತೇನು?"

"ಆತು."

ಯಾಕೆ ಹಾಗಂದೆ ಎಂದು ಅನಂತರ ಬಹಳ ಸಲ ಕೇಳಿಕೊಂಡಿದ್ದೇನೆ. ದಣಿದಿದ್ದೆ. ಕೆಮ್ಮು ಬರುತ್ತಿತ್ತು. ಕಾಣೆಯಾದವನು ಎಂದರೆ ದೊಡ್ಡವ್ವ ಹಾಡುವುದಿಲ್ಲ ಎಂದೂ ಒಳಗೆ ಗೊತ್ತಿತ್ತು. ಮತ್ತೆ, ಅವನು ಹೋಗಿ ಎಂಟು ತಿಂಗಳಾದ ಮೇಲೆ ಏನಾಗಿರುತ್ತದೆ ಎಂಬುದು ಪೇಪರ್ ಓದುವ ನನಗೆ ತಿಳಿಯದೇ ಎಂಬ ಸೊಕ್ಕು. ದೂರ ಕುಳಿತವರಿಗೆ ಬೇರೆಯವರ ಮನೆಯ ಸಾವು ಬಹಳ ಲಗೂ ಖಾತ್ರಿಯಾಗಿಬಿಡುತ್ತದೆ.

ಮೇಡ್ಲೇರಿಯ ಹೊಲಕ್ಕೆ ಕರೆದುಕೊಂಡು ಹೋಗು ಅಂದಳು. ಎರಡು ದಿನ ಬಿಟ್ಟು ಅಣ್ಣನ ಗಾಡಿಯಲ್ಲಿ ಹೋದೆವು. ಅಲ್ಲಿ ನಮ್ಮ ಅಜ್ಜನನ್ನು ಮಣ್ಣು ಮಾಡಿದ ಬದುವಿದೆ. ಆ ಹುಡುಗನ ಊರು ಯಾವ ದಿಕ್ಕಿಗೆ ಎಂದು ಕೇಳಿದಳು. ಫೋನಿನಲ್ಲಿ ನೋಡಿ ಪಡುವಣಕ್ಕೆ ಕೈ ಮಾಡಿದೆ. ಮೂಡಣದ ಹೊಳೆಗೆ ಬೆನ್ನು ಮಾಡಿ ಕುಂತಳು. ಅವನ ಹೆಸರು ಕೇಳಿದಳು, ಹೇಳಿದೆ. ಏನು ತಿನ್ನುತ್ತಿದ್ದ, ಸಿಟ್ಟು ಬಂದರೆ ಏನು ಮಾಡುತ್ತಿದ್ದ, ಅಕ್ಕನಿಗೆ ಏನೆಂದು ಚಾಷ್ಟಿ ಮಾಡುತ್ತಿದ್ದ, ಎಲ್ಲ ಕೇಳಿದಳು. ನಾನು ಗೊತ್ತಿದ್ದದ್ದು ಹೇಳಿದೆ. ಸೆರಗು ತಲೆತುಂಬ ಹೊದ್ದು ಸುರುಮಾಡಿದಳು.

"ಊರ ಮಂದಿ ಸೈಕಲ್ಲೆಲ್ಲ ಸುದ್ದ ಮಾಡಿದ್ಯೋ ನನ ತಮ್ಮಾ, ನಿನ್ನ ಹಾದಿ ಯಾರು ಸುದ್ದ ಮಾಡಬೇಕಿತ್ತೋ…"

ಹೊಲದಲ್ಲಿ ನೀರು ಕಟ್ಟುತ್ತಿದ್ದ ಹೆಂಗಸರಿಬ್ಬರು ಸಲಿಕೆ ಬಿಟ್ಟು ಬಂದು ಪಕ್ಕದಲ್ಲಿ ಕುಂತರು. ಯಾರು ಏನು ಎಂದು ಕೇಳಲಿಲ್ಲ. ಅತ್ತರು. ಅವರಿಗೂ ಅವರವರ ಸತ್ತವರಿದ್ದರು. ನಾನು ಫೋನಿನಲ್ಲಿ ದನಿ ಮುದ್ರಿಸಿಕೊಳ್ಳುತ್ತಿದ್ದೆ. ಮುದ್ರಣ ಸರಿಯಾಗುತ್ತಿದೆಯೋ ಇಲ್ಲವೋ ಎಂದು ನೋಡುವುದರಲ್ಲೇ ನನ್ನ ಲಕ್ಷ್ಯವಿತ್ತು. ಬ್ಯಾಡಗಿಗೆ ತಿರುಗಿ ಬಂದ ಮೇಲೆ ದೊಡ್ಡವ್ವ ಹೊಸ್ತಿಲು ದಾಟಲಿಲ್ಲ. ಅಂಗಳದಲ್ಲಿ ನಿಂತು ಸೊಸೆಯಿಂದ ತಲೆಯ ಮೇಲೆ ನೀರು ಹಾಕಿಸಿಕೊಂಡು, ಒದ್ದೆ ಸೀರೆಯಲ್ಲಿ ಒಳಗೆ ಹೋದಳು. ಆ ರಾತ್ರಿ ಉಣ್ಣಲಿಲ್ಲವಂತೆ. ಸತ್ತ ಮನೆಗೆ ಹೋಗಿ ಬಂದವರು ಮಾಡುವುದನ್ನೆಲ್ಲ ಮಾಡಿದಳು.

ಕವಿತೆಯನ್ನು ಆ ಧಾಟಿಗೆ ಕೂಡಿಸಿ, ಯುಗಾದಿ ಹತ್ತಿರ ರಾಣೇಬೆನ್ನೂರಿನಲ್ಲಿ ಓದಿದೆ. ಓದಿದೆ ಅನ್ನುವುದಕ್ಕಿಂತ ಹಾಡಿದೆ. ಯಾವಾಗಲೂ ನಡುವೆ ಫೋನು ನೋಡುವ ಜನ ನೋಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಬಟ್ಟೆ ಅಂಗಡಿಯವರು ಟೋಪಿ ತೆಗೆದು ಮುಖ ಒರಸಿಕೊಂಡರು. ಸಭೆ ನಡೆಸುವ, ಬ್ಯಾಂಕಿನಲ್ಲಿರುವ ಗೃಹಸ್ಥರು, ಇಂಥಾದ್ದು ಕೇಳಿರಲಿಲ್ಲರಿ ಅಕ್ಕಾರ, ಎಂದು ಕೈಮುಗಿದರು. ವಿಡಿಯೋ ಮಾಡಿ ಹಾಕಿದರು. ನಾನು ಹಿಗ್ಗಿನಿಂದ ಅವಳಿಗೆ ಕಳಿಸಿದೆ. ಇಪ್ಪತ್ತು ನಿಮಿಷ ಹಾಡಿದ್ದೇನೆ ನೋಡವ್ವ, ಇಲ್ಲಿ ಯಾರೂ ಏಳು ನಿಮಿಷ ಅಂದಿಲ್ಲ, ಎಂದು ಬೇರೆ ಬರೆದೆ.

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಬಂತು. ದನಿಯಲ್ಲ, ಬರೆದದ್ದು. ಬರೆಯುವುದು ಬೇಸರ ಅಂದವಳು ಬರೆದಿದ್ದಳು, ಖಾಲ್ತೋ ಎಂದಿರಲಿಲ್ಲ, ಮೇಡಂ ಎಂದಿದ್ದಳು. ನಿಮ್ಮ ಭಾಷೆ ನನಗೆ ಒಂದು ಶಬ್ದವೂ ತಿಳಿಯುವುದಿಲ್ಲ, ಈ ದನಿ ತಿಳಿಯುತ್ತದೆ. ನಮ್ಮಲ್ಲಿ ಹೆಂಗಸರು ಇದನ್ನು ಹೆಣದ ಮುಂದೆ ಮಾತ್ರ ತೆಗೆಯುತ್ತಾರೆ. ನನ್ನ ಅಜ್ಜಿಯ ಮುಂದೆ ತೆಗೆದದ್ದನ್ನು ಕೇಳಿದ್ದೇನೆ. ನೀವು ಯಾರಿಗೆ ಇದನ್ನು ಹಾಡಿದಿರಿ? ನನ್ನ ತಾಯಿ ಇನ್ನೂ ಅತ್ತಿಲ್ಲ. ಅವಳಿಗಿಂತ ಮೊದಲು ನೀವು ಅತ್ತಿರಿ.

ಇಷ್ಟೇ ಇತ್ತು. ಬೈಗುಳ ಒಂದೂ ಇರಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು.

ರಾಣೇಬೆನ್ನೂರಿಗೆ ಹೋಗಿ ವಿಡಿಯೋ ತೆಗೆಯಿರಿ ಎಂದೆ. ಬ್ಯಾಂಕಿನ ಗೃಹಸ್ಥರಿಗೆ ಅರ್ಥವೇ ಆಗಲಿಲ್ಲ. ಬಾಳ ಮಂದಿ ನೋಡ್ಯಾರ್ರಿ, ಆ ಕವಯಿತ್ರಿಗೇ ಹೆಸರು ಬಂತಲ್ಲ ಅಂದರು. ಅವಳ ತಮ್ಮ ಸತ್ತಿಲ್ಲ ಅಂದೆ. ಬದುಕಿದ್ದಾರೇನು, ಛಲೋ ಆತಲ್ಲ ಅಂದರು. ಗೊತ್ತಿಲ್ಲ ಅಂದೆ. ಅವರು ನನ್ನ ಮುಖ ನೋಡಿದರು, ಚಹಾ ತರಿಸಿದರು, ತೆಗೆದರು. ತೆಗೆದ ಮೇಲೂ ಯಾರ ಯಾರ ಫೋನಿನಲ್ಲೋ ಉಳಿದಿತ್ತು.

ಅಲ್ಲಿಂದ ಬ್ಯಾಡಗಿಗೆ. ಆ ದಿನದ ಬಿಸಿಲು ನೆನೆಸಿಕೊಂಡರೆ ಈಗಲೂ ತಲೆ ಸುತ್ತುತ್ತದೆ. ದೊಡ್ಡವ್ವ ಪಡಸಾಲೆಯಲ್ಲಿ ಒರಗಿದ್ದಳು. ಇದ್ದದ್ದನ್ನು ಇದ್ದಂತೆ ಹೇಳಿದೆ. ಕೇಳಿ ಎದ್ದು ಕುಂತಳು. ತನ್ನ ಅಂಗೈ ನೋಡಿಕೊಂಡಳು. ಮೆಣಸಿನಕಾಯಿಯಿಂದ ಅವಳ ಬೆರಳ ತುದಿಗಳು ಸದಾ ಕೆಂಪಗೆ ಸುಟ್ಟಂತಿರುತ್ತವೆ.

"ನೀ ಸಾಲಿ ಕಲತಾಕಿ," ಅಂದಳು. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೂದನ್ನ ಅಲ್ಲಿ ಕಲಸಲಿಲ್ಲೇನು?"

 ಅಡುಗೆಮನೆಯಿಂದ ಅವಳ ಸೊಸೆ ಹೊರಗೆ ಬಂದು ನನ್ನ ಪರ ಮಾತಾಡಿದಳು. ಇದ್ದವರಿಗೆ ಸತ್ತಾರ ಅಂತ ಸುಳ್ಳು ಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚಾಗತೈತಿ ಅಂತಾರಲ್ಲ ಅತ್ತಿ, ಅಂದಳು. ದೊಡ್ಡವ್ವ ತಲೆ ಅಲ್ಲಾಡಿಸಿದಳು. ಅದು ಬಾಯಿ ತಪ್ಪಿ ಅಂದವರಿಗೆ. ತಾನು ಹೊಲದ ಮಣ್ಣಿನ ಮೇಲೆ ಕುಂತು, ಅವನ ಹೆಸರು ಹಿಡಿದು ಅತ್ತಿದ್ದಾಳೆ, ಮೇಲೆ ನೀರು ಹಾಕಿಸಿಕೊಂಡಿದ್ದಾಳೆ. ಅವನನ್ನು ಕಳಿಸಿ ಬಂದಂತಾಯಿತು. ಈಗ ತಿರುಗಿ ಕರೆಯಬೇಕು ಅಂದಳು.

ಹೇಗೆ ಎಂದು ಕೇಳಿದೆ. ಕಾಣದ ತಮ್ಮನಿಗೆ ಯಾವ ಹಾಡು ಎಂಬುದು ನನಗೂ ತಿಳಿದಿರಬೇಕಾಗಿತ್ತು. ಕಿವಿಯೊಳಗೆ ಇತ್ತು, ನಾನೇ ಮರೆತದ್ದು. ನಮ್ಮ ಬೀಸುವ ಹಾಡೆಲ್ಲ ಅದೇ ಅಲ್ಲವೇ? ಪಂಚಮಿಗೆ ಅಣ್ಣತಮ್ಮಂದಿರು ತವರಿಗೆ ಕರೆಯಲು ಬರುತ್ತಾರೆ, ಬರುವ ದಾರಿ ನೋಡುತ್ತ ಅಕ್ಕತಂಗಿಯರು ಬೀಸುತ್ತಾರೆ. ಬಂದನೋ ಇಲ್ಲವೋ ಎಂಬುದು ಹಾಡಿನಲ್ಲಿ ಇರುವುದೇ ಇಲ್ಲ. ಹೊಳೆ ತುಂಬಿರಬೇಕು, ಎತ್ತು ಕುಂಟಿರಬೇಕು, ಎಂದು ತಡವಾದದ್ದಕ್ಕೆ ಕಾರಣ ಹುಡುಕುತ್ತಲೇ ಹಾಡು ಹೋಗುತ್ತದೆ. ಚೈನು ಕಳಚಿತೇನು, ಸಾಲು ಉದ್ದ ಇತ್ತೇನು. ಅವಳ ಕವಿತೆ ಮೊದಲಿನಿಂದ ಇದೇ ಆಗಿತ್ತು. ನಾನು ಅದನ್ನು ಹೆಣದ ಮುಂದೆ ಕೂಡಿಸಿದ್ದೆ.

ಬೀಸುವ ಕಲ್ಲು ಅಣ್ಣನ ಮನೆಯ ಹಿತ್ತಲ ಬಾಗಿಲಿಗೆ ಆಸರೆಯಾಗಿ ಬಿದ್ದಿತ್ತು. ಅಣ್ಣ ಗೊಣಗುತ್ತ ಆಳು ಹಚ್ಚಿ ಒಳಗೆ ಹಾಕಿಸಿದ. ಈ ವಯಸ್ಸಿನ್ಯಾಗ ಗಿರಣಿ ತಗದಿ ಏನವ್ವಾ, ಎಂದು ಚಾಷ್ಟಿ ಮಾಡಿದ. ನೀ ಗಿರಾಕಿ ತರೂದಿದ್ರ ಹೇಳು ಎಂದು ದೊಡ್ಡವ್ವ ಬಾಯಿ ಮುಚ್ಚಿಸಿದಳು. ಆ ರಾತ್ರಿ ನಾನು ಅಲ್ಲೇ ಉಳಿದೆ. ಬೆಳಿಗ್ಗೆ ಕಲ್ಲು ತೊಳೆದೆವು. ನಾನು ಖಾಲಿ ಕಲ್ಲನ್ನೇ ತಿರುವಲು ಹೋದಾಗ ಕೈ ಹಿಡಿದಳು. ಕಾಳಿಲ್ಲದೆ ಕಲ್ಲು ತಿರುವಬಾರದು. ಒಂದು ಬೊಗಸೆ ಬಿಳಿಜೋಳ ಹಾಕಿದಳು. ಗೂಟ ಇಬ್ಬರೂ ಹಿಡಿದೆವು. ನನ್ನ ಮೊಣಕಾಲು ಮಡಚಲು ಬರುವುದಿಲ್ಲ, ಕಾಲು ಚಾಚಿ ಕುಂತೆ. ಅವಳ ಭುಜದ ಎಲುಬು ಲಟಲಟ ಅನ್ನುತ್ತಿತ್ತು. ಹತ್ತು ಸುತ್ತಿಗೊಮ್ಮೆ ನಿಲ್ಲುತ್ತಿದ್ದೆವು. ಅವಳು ಕಟ್ಟಿದ ಮೊದಲನೆಯದು ಇದು:

ಹಿಟ್ಟಿಗೆ ಹ್ವಾದವನ ಹಾದಿ ಬಲು ದೂರ
ಗಟ್ಟಿ ಸರಪಳಿಯ ಸೈಕಲ್ಲ ಏರಿಕೊಂಡು
ಹೊಟ್ಟಿ ತುಂಬಾಕ ಬರತಾನ

ಉಳಿದವನ್ನು ನಾನು ಕವಿತೆಯಿಂದ ಹೇಳಿಕೊಟ್ಟೆ, ಅವಳು ಕೂಡಿಸುತ್ತ ಹೋದಳು. ಗಾಳಿ ಹಾಕುವ ಪಂಪು ಬಂತು, ಲಾರಿ ಬಂತು, ಟ್ರಾಫಿಕ್ ಪೊಲೀಸ್ ಬಂದಾಗ ನಗೆ ಬಂದು ಇಬ್ಬರೂ ಕಲ್ಲು ಬಿಟ್ಟೆವು. ಆ ನಗೆಯೂ ಮುದ್ರಣದಲ್ಲಿ ಉಳಿಯಿತು. ಅಳಿಸಲಿಲ್ಲ.

ಕಳಿಸುವಾಗ ಮಾಡಿದ್ದನ್ನೆಲ್ಲ ಒಪ್ಪಿಸಿದೆ. ಅವನು ಸತ್ತಿದ್ದಾನೆ ಎಂದು ನಾನು ಸುಳ್ಳು ಹೇಳಿದೆ, ಒಬ್ಬ ಮುದುಕಿ ಅದನ್ನು ನಂಬಿ ಅತ್ತಳು, ಈಗ ತಿರುಗಿ ಕರೆದಿದ್ದಾಳೆ. ಮಾಫಿ ಕೇಳಲು ಸರಿಯಾದ ಮಾತು ಇಂಗ್ಲಿಷಿನಲ್ಲೂ ಸಿಗಲಿಲ್ಲ, ನಮ್ಮದರಲ್ಲೂ ಸಿಗಲಿಲ್ಲ.

ಹತ್ತು ಹನ್ನೆರಡು ದಿನ ಏನೂ ಬರಲಿಲ್ಲ. ಆಮೇಲೆ ಒಂದು ಭಾನುವಾರ ದನಿ ಬಂತು. ಶನಿವಾರದ ಕಟ್ಟಿದ ಗಂಟಲು.

"ಖಾಲ್ತೋ," ಅಂದಳು. ಅಷ್ಟಕ್ಕೇ ನಾನು ಫೋನು ನಿಲ್ಲಿಸಿ ಕುರ್ಚಿಯ ಮೇಲೆ ಕುಂತೆ. ಮತ್ತೆ ಹಚ್ಚಿದೆ. ನೆಟ್‌ವರ್ಕ್ ಸಿಕ್ಕಿದ ದಿನ ತಾಯಿಗೆ ಅದನ್ನು ಕೇಳಿಸಿದಳಂತೆ. ತಮ್ಮ ಬರುವ ದಾರಿ ನೋಡುವ ಹಾಡು ಎಂದಷ್ಟೇ ಹೇಳಿದಳಂತೆ. ತಾಯಿ ಎದ್ದು ಹೋಗಲಿಲ್ಲ. ಹಾಡಿನ ಕೆಳಗೆ ಗರಗರ ಅನ್ನುವುದು ಏನು ಎಂದು ಕೇಳಲೂ ಇಲ್ಲ. ಅದು ಬೀಸುವ ಕಲ್ಲು, ನಮ್ಮ ಅತ್ತೆಯ ಮನೆಯಲ್ಲಿ ಇತ್ತು, ಎಂದು ತಾನೇ ಹೇಳಿದಳು. ಮತ್ತೊಮ್ಮೆ ಹಚ್ಚಿಸಿಕೊಂಡಳು. "ಅವ್ವ ಒಂದು ಕೇಳು ಅಂದಾಳ. ಅದು ಯಾವ ಹಿಟ್ಟು?"

ಖಾಲ್ತೋ ಎನ್ನುವ ನನ್ನ ಹುಡುಗಿಯ ತಮ್ಮನ ಸುದ್ದಿ ಇನ್ನೂ ಇಲ್ಲ. ಅವಳು ಏಳು ನಿಮಿಷದ ಸಭೆಗಳಿಗೆ ಹೋಗುವುದು ಬಿಟ್ಟಿದ್ದಾಳೆ. ಚೌಕಕ್ಕೆ ಹೋಗುತ್ತಾಳೆ, ಮಕ್ಕಳಿಗೆ ಕಲಿಸುತ್ತಾಳೆ. ಎರಡೂ ಈಗ ಬೇಸರವೇ ಅನ್ನುತ್ತಾಳೆ, ಬೇಸರ ಬಂತು ಎಂದು ಪಾತ್ರೆ ತೊಳೆಯುವುದು ಬಿಡಲು ಬರುತ್ತದೇನು ಅನ್ನುತ್ತಾಳೆ. ನಾನು ರಾಣೇಬೆನ್ನೂರಿನ ಅದೇ ಸಭೆಯಲ್ಲಿ ನಿಂತು, ಹೋದ ಸಲ ತಪ್ಪು ಹಾಡಿದ್ದೆ ಎಂದು ಹೇಳಿ, ಬೀಸುವ ಹಾಡನ್ನು ಓದಿದೆ. ಸಭ್ಯವಾಗಿ ಕೇಳಿದರು. ಹೊರಡುವಾಗ ಬಟ್ಟೆ ಅಂಗಡಿಯವರು ಹತ್ತಿರ ಬಂದು, ಈ ಸಲ ಅಳು ಬರಲಿಲ್ಲ ಮೇಡಂ, ಹೋದ ಸಲದ್ದೇ ಬಾಳ ಛಲೋ ಇತ್ತು, ಎಂದು ಸಣ್ಣ ದನಿಯಲ್ಲಿ ಹೇಳಿದರು. ಹೌದ್ರಿ ಎಂದೆ. 

ಯಾವ ಹಿಟ್ಟು ಎಂದು ಆ ತಾಯಿ ಕೇಳಿದ್ದನ್ನು ದೊಡ್ಡವ್ವನಿಗೆ ಹೇಳಿದೆ. ಜೋಳ ಅಂತ ಹೇಳು, ಅವನ ಪಾಲಿಂದು ತಗದಿಟ್ಟೇನಿ ಅಂತ ಹೇಳು, ಅಂದಳು. ಖರೇನೇ ತೆಗೆದಿಟ್ಟಿದ್ದಳು, ದೇವರ ಗೂಡಿನ ಕೆಳಗೆ ಒಂದು ಸ್ಟೀಲ್ ಡಬ್ಬಿಯಲ್ಲಿ. ಸುದ್ದಿ ಬಂದ ದಿನ ರೊಟ್ಟಿ ಬಡಿಯುವುದಂತೆ. ಜೋಳದ ಹಿಟ್ಟು ಬಹಳ ದಿನ ಇರುವುದಿಲ್ಲ, ಜಿಗಿ ಹೋಗಿ ರೊಟ್ಟಿ ಒಡೆಯುತ್ತದೆ. ಅದಕ್ಕೆ ಹದಿನೈದು ದಿನಕ್ಕೊಮ್ಮೆ ಹಳೆಯದನ್ನು ಮನೆಯವರಿಗೆ ತಿನ್ನಿಸಿ, ಡಬ್ಬಿಗೆ ಹೊಸದು ಬೀಸಿ ಹಾಕುತ್ತಾಳೆ. ಬೀಸುವಾಗ ಹಾಡೂ ಬೇಕಾಗುತ್ತದೆ. ಈಗ ಹಾಡು ಬಹಳ ಉದ್ದವಾಗಿದೆ.

ನಿನ್ನೆ ದೊಡ್ಡವ್ವ ಫೋನು ಮಾಡಿದ್ದಳು. ಬಂದನೇನು ಎಂದು ಕೇಳುವುದನ್ನು ಈಚೆಗೆ ಬಿಟ್ಟಿದ್ದಾಳೆ.

"ಹಿಟ್ಟು ಹಳೇದಾತು," ಅಂದಳು. "ನಾಳೆ ಮುಂಜಾನಿ ಬಸ್ಸಿಗೆ ಬಾ. ಒಬ್ಬಾಕಿಗೆ ಕಲ್ಲು ತಿರುಗಂಗಿಲ್ಲ."